ಬೀರುವಿನೊಳಗಿನ ಸಮುದ್ರ

ನಿತಿಪ್ರಾಯಾನ್, ಯೋಗ್ಯಕರ್ತ
9 ಜನವರಿ 2023

ಯುಸ್ನಿದಾರ್ ಅವರಿಗೆ,

ವಾಸ್ಕಿತೊನ ವಂದನೆಗಳು. ಲಕೋಟೆಯ ಹಿಂದೆ ಈ ಹೆಸರು ನೋಡಿ ನೀವು ಕೈಯಲ್ಲಿದ್ದ ಕೆಲಸ ಬಿಟ್ಟು ಕೂತಿರಬಹುದು, ಇಲ್ಲವೇ ಯಾರಪ್ಪಾ ಇವನು ಎಂದು ಮನೆಯವರನ್ನು ಕೇಳಿರಬಹುದು. ಎರಡಕ್ಕೂ ತಯಾರಾಗಿಯೇ ಬರೆಯುತ್ತಿದ್ದೇನೆ. ಕಲಾಶಾಲೆಯಲ್ಲಿ ಐದು ವರ್ಷ ನಿಮ್ಮ ಪಕ್ಕದಲ್ಲೇ ಕ್ಯಾನ್ವಾಸು ನಿಲ್ಲಿಸಿಕೊಂಡು ಚಿತ್ರ ಬರೆದವನು, ನಿಮ್ಮ ಟರ್ಪೆಂಟೈನ್ ಕದ್ದು ಒಮ್ಮೆಯೂ ಒಪ್ಪಿಕೊಳ್ಳದವನು ನಾನು. ಈಗ ಒಪ್ಪಿಕೊಂಡಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಇಲ್ಲಿ ಲಾರಸ್ ಎಂಬ ಹುಡುಗಿ ಒಂದು ಗ್ಯಾಲರಿ ನಡೆಸುತ್ತಾಳೆ. ಎಂಬತ್ತರ ದಶಕದಲ್ಲಿ ಈ ಊರಿನಲ್ಲಿ ಸರ್ರಿಯಲ್ ಚಿತ್ರ ಬರೆಯುತ್ತಿದ್ದ ನಮ್ಮ ತಂಡವನ್ನು ಆಗಸ್ಟಿನಲ್ಲಿ ಒಟ್ಟಿಗೆ ತೋರಿಸಬೇಕು ಎಂದು ಅವಳ ಆಸೆ. ಆಗ ಯಾರ ಪಕ್ಕದಲ್ಲಿ ಯಾರು ನಿಂತು ಬರೆಯುತ್ತಿದ್ದರೋ ಈಗಲೂ ಹಾಗೆಯೇ, ಇಬ್ಬಿಬ್ಬರಿಗೆ ಒಂದೊಂದು ಗೋಡೆಯಂತೆ. ನನ್ನ ಗೋಡೆಯ ಇನ್ನರ್ಧ ನಿಮ್ಮದು. ಹನ್ನೊಂದು ಜನರಿದ್ದೆವು, ಈಗ ಎಂಟು ಮಂದಿ ಉಳಿದಿದ್ದೇವೆ.

ಉದ್ಘಾಟನೆಗೆ ಕಲಾವಿದರು ಖುದ್ದಾಗಿ ಬರಲೇಬೇಕೆಂದು ಲಾರಸ್ ಹಟ ಹಿಡಿದಿದ್ದಾಳೆ. ನನ್ನ ಒತ್ತಾಯವೇನೂ ಇಲ್ಲ. ಆದರೂ ಬಂದರೆ ಒಳ್ಳೆಯದು. ಊರು ಬಹಳ ಬದಲಾಗಿದೆ, ಅದನ್ನಾದರೂ ನೋಡಿದಂತಾಗುತ್ತದೆ.

ಅವಳು ನಿಮ್ಮ ಫೋನ್ ನಂಬರನ್ನೂ ಹುಡುಕಿ ಕೊಟ್ಟಳು. ಎರಡು ದಿನ ಚೀಟಿ ಹಿಡಿದು ಓಡಾಡಿದೆ, ಒತ್ತಲಿಲ್ಲ. ಪಕ್ಕದ ಮನೆಯಲ್ಲಿರುವ ನನ್ನ ಅತ್ತಿಗೆ ಅದನ್ನು ನೋಡಿ, “ಅದೇನು ತಾಯತಾನಾ, ಜೇಬಲ್ಲಿಟ್ಕೊಂಡು ತಿರುಗೋಕೆ?” ಎಂದಳು. ಹಾಗಾಗಿ ಈ ಪತ್ರ.

ಇಂತಿ,
ವಾಸ್ಕಿತೊ


ಪಾಯಕುಂಬುಹ್, ಪಶ್ಚಿಮ ಸುಮಾತ್ರ
2 ಫೆಬ್ರವರಿ 2023

ಮಾಸ್ ವಾಸ್ಕಿತೊ ಅವರಿಗೆ,

ಕೈಯಲ್ಲಿದ್ದ ಕೆಲಸ ಬಿಟ್ಟು ಕೂತೆ. ಒಲೆಯ ಮೇಲೆ ರೆಂದಾಂಗ್ ಇತ್ತು, ತಳ ಹತ್ತಿತು. ಅದು ನಿಮ್ಮ ಲೆಕ್ಕಕ್ಕೇ ಇರಲಿ. ನಿಮ್ಮ ಜಾವಾದವರ ರೂಢಿಯಂತೆ ಮರ್ಯಾದೆಗೆ ಮಾಸ್ ಎನ್ನುವುದನ್ನು ನಾನಿನ್ನೂ ಬಿಟ್ಟಿಲ್ಲ.

ಟರ್ಪೆಂಟೈನ್ ವಿಷಯ ನನಗೆ ಆಗಲೇ ಗೊತ್ತಿತ್ತು. ಬಾಟಲಿಯ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಿಡುತ್ತಿದ್ದೆ. ನಿಮ್ಮನ್ನು ಹಿಡಿಯಲು ಅಲ್ಲ, ನಿಮಗೆ ಸಾಲುವಷ್ಟು ಉಳಿದಿದೆಯೇ ಎಂದು ನೋಡಿಕೊಳ್ಳಲು.

ಚಿತ್ರಗಳನ್ನು ಕಳಿಸುತ್ತೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮೂಗು ಮುರಿಯಬೇಡಿ. ಎಣ್ಣೆ ಬಣ್ಣ ಬಿಟ್ಟು ಆರು ವರ್ಷವಾಯಿತು. ಈಗ ನಾನು ಟ್ಯಾಬಿನ ಮೇಲೆ ಬರೆಯುತ್ತೇನೆ. ತಂಗಿಯ ಮಗಳು ಮೆಲ್ವಿ ಕಲಿಸಿಕೊಟ್ಟಳು. ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿಸಿದ ಎರಡು ಚಿತ್ರಗಳನ್ನು ಬೇರೆ ಕೊಳವೆಯಲ್ಲಿ ಸುತ್ತಿ ಕಳಿಸಿದ್ದೇನೆ. ಬರೆಯುವುದು ಮಾತ್ರ ಅಂದಿನದನ್ನೇ. ಮನೆ ಬೇರು ಬಿಡುತ್ತದೆ, ನದಿ ಮೆಟ್ಟಿಲು ಹತ್ತುತ್ತದೆ.

ನಾನು ಬರಲಾಗುವುದಿಲ್ಲ. ಅಮ್ಮನ ಮನೆ ಈಗ ನನ್ನ ಕೈಯಲ್ಲಿದೆ, ಬಿಟ್ಟು ಹೊರಡುವಂತಿಲ್ಲ. ನನ್ನ ಯಜಮಾನರು ತೀರಿಕೊಂಡು ಒಂಬತ್ತು ವರ್ಷವಾಯಿತು. ಮಕ್ಕಳಿಲ್ಲ. ಮೆಲ್ವಿಯೇ ಎಲ್ಲ.

ಒಂದು ಕೇಳಬೇಕು. ಬೀರುವಿನ ಬಾಗಿಲು ತೆರೆದು ಸಮುದ್ರ ಕೋಣೆಗೆ ನುಗ್ಗುವ ಒಂದು ಚಿತ್ರ ಬರೆದಿದ್ದಿರಲ್ಲ, ಅದನ್ನು ಮಾರಿಬಿಟ್ಟೆ ಎಂದು ಎಂಬತ್ತೇಳರಲ್ಲಿ ಒಂದು ಕಾರ್ಡು ಹಾಕಿದ್ದಿರಿ. ಯಾರು ಕೊಂಡರು? ಸುಮ್ಮನೆ ಕೇಳಿದೆ.

ಫೋನ್ ಮಾತ್ರ ಮಾಡಬೇಡಿ. ಪತ್ರವೇ ಇರಲಿ.

ಯುಸ್ನಿದಾರ್


ನಿತಿಪ್ರಾಯಾನ್
20 ಫೆಬ್ರವರಿ 2023

ಯುಸ್ನಿದಾರ್ ಅವರಿಗೆ,

ನಿಮ್ಮ ಯಜಮಾನರ ಸುದ್ದಿ ತಿಳಿದು ಬೇಸರವಾಯಿತು. ಅವರನ್ನು ಕಂಡವನಲ್ಲ, ಆದ್ದರಿಂದ ಹೆಚ್ಚು ಬರೆದರೆ ನಾಟಕವಾಗುತ್ತದೆ.

ಚಿತ್ರಗಳು ಬಂದವು. ಅದಕ್ಕೂ ಮೊದಲು ಪತ್ರದ ಮಾತು. ಮೂವತ್ತಾರು ವರ್ಷದ ಮೇಲೆ ನಿಮ್ಮ ಪತ್ರವೆಂದು ತೆರೆದರೆ ಒಳಗೆ ಅಚ್ಚು ಹಾಕಿದ ಹಾಳೆ, ವಿದ್ಯುತ್ ಬಿಲ್ಲು ಬಂದ ಹಾಗೆ. ಹೆಸರನ್ನೂ ಅಚ್ಚಿನಲ್ಲೇ ಹಾಕಿದ್ದೀರಿ. ಒಂದು ಸಹಿಗೂ ನಾನು ಲಾಯಕ್ಕಲ್ಲವೇ? ನಿಮ್ಮ ಅಕ್ಷರ ನೋಡುವ ಆಸೆಯಿತ್ತು, ಹೇಳಿಬಿಟ್ಟೆ.

ಇನ್ನು ಚಿತ್ರ. ಬೇರು ಬಿಟ್ಟ ಮನೆಯದು ಚೆನ್ನಾಗಿದೆ, ಕೋಡಿನಂಥ ಆ ಮಾಡಿನ ತುದಿಯನ್ನು ನಿಮ್ಮ ಹಾಗೆ ಎಳೆಯುವವರಿಲ್ಲ. ಎರಡನೆಯದು ಅರ್ಥವಾಗಲಿಲ್ಲ. ನದಿ ಮೆಟ್ಟಿಲು ಹತ್ತಿ ಬರುತ್ತದೆ, ನಡುವೆ ಒಂದು ಕುರ್ಚಿ, ಅದು ಖಾಲಿ. ಕಣ್ಣು ಹೋಗಿ ನಿಲ್ಲುವ ಜಾಗದಲ್ಲೇ ಏನೂ ಇಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಎದ್ದ ಹಾಗಿದೆ.

ಎಲ್ಲಕ್ಕೂ ಒಂದೇ ನುಣುಪು. ನೀರೂ ನುಣುಪು, ಕಲ್ಲೂ ನುಣುಪು. ನನ್ನ ಒಂದು ಪದರ ಒಣಗಲು ಮಳೆಗಾಲದಲ್ಲಿ ಒಂಬತ್ತು ಹತ್ತು ದಿನ ಬೇಕು. ಆ ಹತ್ತು ದಿನ ಅದರ ಎದುರಿಗೇ ಉಂಡು, ಅದರ ಎದುರಿಗೇ ಮಲಗಿ, ಬೈದುಕೊಂಡು ಇರುತ್ತೇನೆ. ಹನ್ನೊಂದನೇ ದಿನ ಕುಂಚ ಹಿಡಿದರೆ ನಾನು ಅಂದುಕೊಂಡದ್ದಲ್ಲದ ಇನ್ನೇನೋ ಬರುತ್ತದೆ. ನಮ್ಮ ಚಿತ್ರಗಳಲ್ಲಿ ಕನಸು ಕಾಲಿಡುತ್ತಿದ್ದದ್ದು ಆ ಕಾಯುವಿಕೆಯಲ್ಲಿ. ಗಾಜಿನ ಹಲಗೆಗೆ ಒಣಗುವ ಕೆಲಸವಿಲ್ಲ. ತಪ್ಪಾದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗಬಹುದಂತೆ, ಲಾರಸ್ ಹೇಳಿದಳು. ಹಿಂದಕ್ಕೆ ಹೋಗಲಾಗದವರು ಬರೆದ ಚಿತ್ರದ ಪಕ್ಕದಲ್ಲಿ ಅದು ಹೇಗೆ ನಿಲ್ಲುತ್ತದೆ?

ಬೀರುವಿನ ಚಿತ್ರ ಯಾರೋ ಸುರಬಾಯದವರು ಕೊಂಡರು. ಹೆಸರು ಮರೆತಿದ್ದೇನೆ.

ವಾಸ್ಕಿತೊ


ಪಾಯಕುಂಬುಹ್
6 ಮಾರ್ಚ್ 2023

ಮಾಸ್ ವಾಸ್ಕಿತೊ ಅವರಿಗೆ,

ಪತ್ರ ಅಚ್ಚಿನಲ್ಲೇ ಇರುತ್ತದೆ. ಓದಲು ಸುಲಭವಾಗಲಿ ಎಂದು ಹಾಗೆ ಮಾಡಿದೆ ಅಂದುಕೊಳ್ಳಿ.

ಯಂತ್ರದ ಹತ್ತಿರ ನಾಲ್ಕು ಮಾತು ಹೇಳಿ ಚಿತ್ರ ಬರೆಸುವವರೂ ಈಗ ಇದ್ದಾರೆ. ಮೆಲ್ವಿ ನನಗೂ ತೋರಿಸಿದಳು. ಬೀರು, ಸಮುದ್ರ ಎಂದು ಬರೆದ ಕೂಡಲೇ ನಲವತ್ತು ಬೀರುಗಳು ಬಂದು ನಿಂತವು, ಒಂದಕ್ಕೂ ಬೀಗವಿರಲಿಲ್ಲ. ಮುಚ್ಚಿಡುವುದು ಏನೂ ಇಲ್ಲದ ಬೀರುವಿನಿಂದ ಸಮುದ್ರ ಬಂದರೇನು, ಬಿಟ್ಟರೇನು. ನನಗೆ ಬೇಡ ಎಂದೆ. ನಾನು ಕಳಿಸಿದ್ದು ಅಂಥದ್ದಲ್ಲ. ಒಂದೊಂದು ಗೆರೆಯೂ ನಾನೇ ಎಳೆದದ್ದು. ಆ ಮೆಟ್ಟಿಲುಗಳಿಗೇ ಒಂದು ಮಳೆಗಾಲ ಪೂರ್ತಿ ಹೋಯಿತು. ಕಾಯುವುದು ನಿಮ್ಮೊಬ್ಬರ ಆಸ್ತಿ ಎಂದು ತಿಳಿಯಬೇಡಿ.

ಹಿಂದಕ್ಕೆ ಹೋಗುವ ಗುಂಡಿ ಇದೆ, ನಿಜ. ಎಷ್ಟು ದೂರ ಹೋಗುತ್ತದೆ ಗೊತ್ತೇ? ಇವತ್ತು ಬೆಳಿಗ್ಗೆ ಕೂತು ಬರೆದಷ್ಟು ದೂರ. ಅದಕ್ಕಿಂತ ಹಿಂದಕ್ಕೆ ಅದೂ ಹೋಗುವುದಿಲ್ಲ, ನೋಡಿದ್ದೇನೆ.

ನನ್ನ ಚಿತ್ರದಲ್ಲಿ ಅರವತ್ತೆರಡು ಪದರಗಳಿವೆ. ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟ ಹಾಗೆ. ಪ್ರತಿಯೊಂದರ ಪಕ್ಕಕ್ಕೂ ಕಣ್ಣಿನ ಗುರುತೊಂದಿರುತ್ತದೆ. ಅದನ್ನು ಮುಟ್ಟಿದರೆ ಆ ಪದರ ಮರೆಯಾಗುತ್ತದೆ, ಮತ್ತೆ ಮುಟ್ಟಿದರೆ ಕಾಣಿಸುತ್ತದೆ. ನಾನು ಯಾವುದನ್ನೂ ಅಳಿಸುವವಳಲ್ಲ, ಬರೀ ಕಣ್ಣು ಮುಚ್ಚಿಸುತ್ತೇನೆ. ಕುರ್ಚಿ ಖಾಲಿ ಎಂದು ನೀವು ಅಷ್ಟು ಗಟ್ಟಿಯಾಗಿ ಹೇಗೆ ಹೇಳುತ್ತೀರಿ?

ಹೆಸರು ಮರೆತ ಸುರಬಾಯದವರಿಗೆ ನನ್ನ ವಂದನೆ ತಿಳಿಸಿ.

ಯುಸ್ನಿದಾರ್


ನಿತಿಪ್ರಾಯಾನ್
15 ಮಾರ್ಚ್ 2023

ಯುಸ್ನಿದಾರ್ ಅವರಿಗೆ,

ಕಾಣದ್ದನ್ನು ನೋಡು ಎನ್ನುವುದು ಜಾಣತನದ ಮಾತಾಯಿತು. ಗೋಡೆಯ ಮುಂದೆ ನಿಂತವರಿಗೆ ಕಾಣುವುದಷ್ಟೇ ಚಿತ್ರ. ನೀವು ಒಳಗೆ ಎಷ್ಟು ಪದರ ಬಚ್ಚಿಟ್ಟುಕೊಂಡಿದ್ದೀರಿ ಎಂದು ಯಾರಿಗೆ ಗೊತ್ತು?

ನಿನ್ನೆ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದೆ. ನನ್ನದರಲ್ಲಿ ಕುಂಚದ ಕೂದಲು ಅಂಟಿದೆ, ಬೆರಳಿನ ಗುರುತಿದೆ, ಒಂದು ಕಡೆ ಸತ್ತ ನೊಣವೂ ಇದೆ. ನಿಮ್ಮದರಲ್ಲಿ ಇಂಥದ್ದು ಏನೂ ಇಲ್ಲ. ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ, ಕ್ಷಮಿಸಿ: ನಿಮ್ಮ ಚಿತ್ರದಲ್ಲಿ ಕೈ ಇಲ್ಲ. ನಮ್ಮ ತಂಡದಲ್ಲೇ ಒಳ್ಳೆಯ ಕೈ ನಿಮ್ಮದಾಗಿತ್ತು. ಅದನ್ನು ಸುಖಕ್ಕೆ ಬಿದ್ದು ಕಳೆದುಕೊಂಡಿರಿ.

ನಮ್ಮಿಬ್ಬರಿಗೂ ಬೇರೆ ಬೇರೆ ಗೋಡೆ ಕೊಡು ಎಂದು ಲಾರಸ್‌ಗೆ ಹೇಳಿದ್ದೇನೆ.

ಸೋಮವಾರ ಲಾರಸ್ ನಿಮ್ಮ ನಂಬರಿಗೆ ಫೋನ್ ಮಾಡಿದಳಂತೆ. ಯಾರೋ ಹುಡುಗಿ ತೆಗೆದುಕೊಂಡು, ದೊಡ್ಡಮ್ಮ ಮಾತಾಡುವುದಿಲ್ಲ ಎಂದಳಂತೆ. ಅದೂ ತಿಳಿಯಿತು.

ವಾಸ್ಕಿತೊ


ನಿತಿಪ್ರಾಯಾನ್
24 ಏಪ್ರಿಲ್ 2023

ಯುಸ್ನಿದಾರ್ ಅವರಿಗೆ,

ಮೊನ್ನೆ ರಂಜಾನ್ ಹಬ್ಬವಾಯಿತು. ಬೆಳಿಗ್ಗೆಯಿಂದ ಊರಿನವರೆಲ್ಲ ಒಬ್ಬರ ಕೈ ಒಬ್ಬರು ಹಿಡಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಹೇಳುತ್ತಾ ತಿರುಗಿದರು. ನಾನೂ ಹೇಳಿದೆ. ಎರಡು ನೂರು ಸಲವಾದರೂ ಹೇಳಿರಬೇಕು, ಒಮ್ಮೆಯೂ ನಾಲಿಗೆ ತೊದಲಲಿಲ್ಲ. ಅದೇ ಮಾತನ್ನು ನಿಮಗೆ ಬರೆಯಲು ಕೂತರೆ ಪೆನ್ನು ಮುಂದೆ ಹೋಗುತ್ತಿಲ್ಲ, ಯಾಕೆಂದರೆ ಈ ಸಲ ಅದು ನಿಜ.

ನಾನು ಬಾಯಿಗೆ ಬಂದದ್ದನ್ನು ಬರೆದೆ. ನಲವತ್ತು ದಿನದಿಂದ ನಿಮ್ಮ ಪತ್ರವಿಲ್ಲ. ಅಂಚೆಯವನ ಗಾಡಿ ಓಣಿಗೆ ತಿರುಗಿದರೆ ನಾನು ಗೇಟಿನಲ್ಲಿರುತ್ತೇನೆ. ಅವನು ಈಗ ದೂರದಿಂದಲೇ ತಲೆ ಆಡಿಸಿಬಿಡುತ್ತಾನೆ, ಪಾಪ, ಅವನಿಗೂ ಮುಜುಗರ.

ನಾನು ನಿಮಗೆ ಏನು ಬರೆದೆನೆಂದು ಅತ್ತಿಗೆಗೆ ಹೇಳಿದೆ. ಅವಳು ತಟ್ಟೆಗೆ ಗುಡೆಗ್ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟು, “ಒಬ್ಬ ಹೆಂಗಸು ಅಷ್ಟು ದೂರದಿಂದ ಬರ್ದು ಕಳ್ಸಿದ್ದನ್ನ ಹಿಂಗಾ ಅನ್ನೋದು? ಅದಕ್ಕೇ ನಿಂಗೆ ಬಡಿಸೋಕೆ ಅತ್ತಿಗೆನೇ ಗತಿ” ಎಂದಳು.

ತಪ್ಪಾಯಿತು. ಒಂದು ಸಾಲು ಬರೆಯಿರಿ. ಅಚ್ಚಿನದಾದರೂ ಸರಿ.

ವಾಸ್ಕಿತೊ


ನಿತಿಪ್ರಾಯಾನ್
30 ಮೇ 2023

ಯುಸ್,

ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ. ಇದೊಂದನ್ನು ಹೇಳದಿದ್ದರೆ ನನಗೆ ನೆಮ್ಮದಿಯಿಲ್ಲ.

ಸುರಬಾಯದವರು ಯಾರೂ ಇಲ್ಲ. ಬೀರುವಿನ ಚಿತ್ರ ಮಾರಿಲ್ಲ. ಅದು ನನ್ನ ಮನೆಯಲ್ಲೇ ಇದೆ, ಮುಖ ಗೋಡೆಗೆ ತಿರುಗಿಸಿ ಇಟ್ಟಿದ್ದೆ. ಮೂವತ್ತಾರು ವರ್ಷ ಹಾಗೆಯೇ ಇತ್ತು.

ಅದರಲ್ಲಿ ನೀನಿದ್ದದ್ದು ನಿನಗೆ ನೆನಪಿರಬೇಕು. ಬೀರುವಿನಿಂದ ಸಮುದ್ರ ನುಗ್ಗುತ್ತಿದೆ, ಕುರ್ಚಿಯಲ್ಲಿ ನೀನು ಏನೂ ಆಗದವಳ ಹಾಗೆ ಕೂತು ಒದ್ದೆ ಕೂದಲು ಬಾಚಿಕೊಳ್ಳುತ್ತಿದ್ದೀಯ. ನೀನು ಊರಿಗೆ ಹೋದ ಮೇಲೆ ಆರು ತಿಂಗಳು ಕಾದೆ. ಆಮೇಲೆ ಒಂದು ಮಧ್ಯಾಹ್ನ ಬಿಳಿ ಬಣ್ಣ ಕಲಸಿ ನಿನ್ನ ಮೇಲೆ ಒಂದು ಪರದೆ ಬರೆದುಬಿಟ್ಟೆ. ಗಾಳಿಗೆ ಉಬ್ಬಿದ ಪರದೆ. ಚೆನ್ನಾಗಿಯೇ ಬಂತು. ಆ ದಿನವೇ ನಿನಗೆ ಕಾರ್ಡು ಹಾಕಿದೆ, ಮಾರಿಬಿಟ್ಟೆ ಎಂದು.

ಈಗ ಲಾರಸ್ ಪ್ರದರ್ಶನಕ್ಕೆ ಹಳೆಯ ಚಿತ್ರವೊಂದು ಬೇಕೇ ಬೇಕು ಎಂದು ಮನೆಯೆಲ್ಲ ಜಾಲಾಡಿ ಅದನ್ನು ಬೆಳಕಿಗೆ ತಿರುಗಿಸಿದಳು. ತಿರುಗಿಸಿ, “ಸರ್, ಪರದೆ ಹಿಂದೆ ಯಾರೋ ಇದಾರಲ್ಲ?” ಎಂದಳು. ನಾನು ಕನ್ನಡಕ ಹುಡುಕಿ ಹಾಕಿಕೊಂಡು ಬಂದೆ.

ಬಿಳಿ ತೆಳುವಾಗಿದೆ, ಯುಸ್. ಎಣ್ಣೆ ಬಣ್ಣದ ಗುಣವೇ ಅದು, ವರ್ಷ ಹೋದಂತೆ ಮೇಲಿನ ಪದರ ತಿಳಿಯಾಗುತ್ತದೆ. ಗೊತ್ತಿದ್ದೂ ಮರೆತಿದ್ದೆ. ನಿನ್ನ ಹೆಗಲು ಕಾಣುತ್ತಿದೆ, ಬಾಚಣಿಗೆ ಹಿಡಿದ ಬಲಗೈ ಪೂರ್ತಿ ಕಾಣುತ್ತಿದೆ. ಮುಖ ಇನ್ನೂ ಸರಿಯಾಗಿ ಬಂದಿಲ್ಲ. ಚಿತ್ರ ನನ್ನ ಮಾತು ಕೇಳದೆ ನಿನ್ನನ್ನು ಹೊರಗೆ ಬಿಡುತ್ತಿದೆ.

ದಿನಾ ಅದರ ಎದುರು ಕೂರುತ್ತೇನೆ. ನಿನ್ನನ್ನು ನೋಡಬೇಕು. ಚಿತ್ರದಲ್ಲಲ್ಲ. ಇದನ್ನು ಇಪ್ಪತ್ತೈದು ವರ್ಷದವನಿದ್ದಾಗ ಹೇಳಬೇಕಿತ್ತು.

ವಾಸ್ಕಿತೊ


ಪಾಯಕುಂಬುಹ್
18 ಜೂನ್ 2023

ಮಾಸ್,

ನಿನ್ನ ಮೂರು ಪತ್ರಗಳೂ ಬಂದವು. ಮೊದಲನೆಯದನ್ನು ಓದಿ ಮೆಲ್ವಿ ಅದನ್ನು ಒಲೆಗೆ ಹಾಕಲು ಹೊರಟಿದ್ದಳು, ನಾನು ಕಿತ್ತುಕೊಂಡೆ. ಎಡಗೈಯಲ್ಲಿ ಕಿತ್ತುಕೊಂಡೆ.

ಆರು ವರ್ಷದ ಹಿಂದೆ ನನಗೆ ಲಕ್ವ ಹೊಡೆಯಿತು. ಬಲಗೈ ಸತ್ತಿದೆ. ಅದನ್ನು ತೊಡೆಯ ಮೇಲಿಟ್ಟರೆ ಅಲ್ಲೇ ಇರುತ್ತದೆ, ಬೇರೆ ಯಾರದೋ ಸಾಮಾನಿನ ಹಾಗೆ. ಬಾಯಿ ಒಂದು ಕಡೆ ಎಳೆದುಕೊಂಡಿದೆ, ನನ್ನ ಮಾತು ಮನೆಯವರಿಗೆ ಬಿಟ್ಟು ಬೇರೆಯವರಿಗೆ ತಿಳಿಯುವುದಿಲ್ಲ. ಅದಕ್ಕೇ ಫೋನ್ ಬೇಡ ಎಂದದ್ದು. ಪತ್ರಗಳನ್ನು ಎಡಗೈಯ ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೆಯುತ್ತೇನೆ. ಚಿತ್ರವನ್ನೂ ಅದೇ ಬೆರಳಲ್ಲಿ. ಕುಂಚ ಹಿಡಿದರೆ ಎಡಗೈ ನಡುಗುತ್ತದೆ. ಗಾಜಿನ ಹಲಗೆಯ ಮೇಲೆ ಬೆರಳನ್ನು ಊರಿ ಎಳೆಯಬಹುದು, ನಡುಗಿದ್ದನ್ನು ಹಿಂದಕ್ಕೆ ತೆಗೆದು ಮತ್ತೆ ಎಳೆಯಬಹುದು. ನೀನು ಹಂಗಿಸಿದ ಆ ಗುಂಡಿ ಇಲ್ಲದಿದ್ದರೆ ನಾನು ಚಿತ್ರವನ್ನೇ ಬಿಟ್ಟಿರುತ್ತಿದ್ದೆ.

ಚಿತ್ರದಲ್ಲಿ ಕೈ ಇಲ್ಲ ಎಂದೆ. ಸರಿಯಾಗಿಯೇ ಕಂಡಿತ್ತು ನಿನಗೆ. ಎರಡು ತಿಂಗಳು ನಾನು ಟ್ಯಾಬ್ ಮುಟ್ಟಲಿಲ್ಲ.

ಇದನ್ನು ಹೇಳಬಾರದೆಂದಿದ್ದೆ. ನೀನು ನನ್ನನ್ನು ಅಂದಿನ ಯುಸ್ ಎಂದೇ ತಿಳಿದು ಜಗಳವಾಡುತ್ತಿದ್ದೆಯಲ್ಲ, ಅದು ಹಿತವಾಗಿತ್ತು. ಇಲ್ಲಿ ಎಲ್ಲರೂ ನನ್ನ ಹತ್ತಿರ ಮೆತ್ತಗೆ ಮಾತಾಡುತ್ತಾರೆ.

ಆದರೆ ಮೂರನೆಯ ಪತ್ರ ಓದಿದ ಮೇಲೆ ನನಗೂ ಒಂದು ಕೇಳಬೇಕಾಗಿದೆ, ಸಿಟ್ಟಿನಿಂದಲೇ ಕೇಳುತ್ತೇನೆ. ಅಮ್ಮನಿಗೆ ಹುಷಾರಿಲ್ಲವೆಂದು ಎಂಬತ್ತಾರರ ಡಿಸೆಂಬರಿನಲ್ಲಿ ನಾನು ಬಸ್ಸು ಹತ್ತುವಾಗ ನಿನಗೆ ಏನು ಹೇಳಿದೆ? ನಮ್ಮ ಮನೆಯ ವಿಳಾಸ ನಿನ್ನ ಹತ್ತಿರ ಇದೆಯಲ್ಲ ಎಂದೆ. ಒಬ್ಬ ಹೆಣ್ಣು ಅದಕ್ಕಿಂತ ಬಿಡಿಸಿ ಏನು ಹೇಳಬೇಕು? ನಿಮ್ಮ ಜಾವಾದಲ್ಲಿ ಗಂಡಿನ ಕಡೆಯವರು ತಾನೇ ಬಂದು ಕೇಳುವುದು? ಅಲ್ಲಿ ನಾನಿದ್ದ ಬಾಡಿಗೆ ಮನೆಯ ಯಜಮಾನಿ ಕಿವಿ ಹಿಂಡಿ ಹೇಳಿದ್ದಳು, “ಹೆಣ್ಣಿನ ಕಡೆಯೋರು ಮೊದ್ಲು ಬಾಯಿ ಬಿಡ್ಬಾರ್ದಮ್ಮ, ಇಲ್ಲಿಯೋರು ಹಗುರವಾಗಿ ನೋಡ್ತಾರೆ. ಹುಡುಗನ ಅಪ್ಪ ಅಮ್ಮ ಬರ್ಲಿ.” ಅವರು ಬರಲಿ ಎಂದು ನಾಲ್ಕು ವರ್ಷ ಕಾದೆ. ಸೋದರಮಾವ ತಂದ ಮೂರು ಗಂಡುಗಳನ್ನು ಬೇಡವೆಂದೆ. ನಾಲ್ಕನೆಯವರಿಗೆ ಹೂಂ ಎಂದೆ.

ಯಾಕೆ ಬರಲಿಲ್ಲ ನೀನು?

ಯುಸ್


ನಿತಿಪ್ರಾಯಾನ್
1 ಜುಲೈ 2023

ಯುಸ್,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ಕೈ ಇಲ್ಲ ಎಂದು ಬರೆದ ನನ್ನ ಕೈ ಸೇದಿಹೋಗಬೇಕಿತ್ತು. ಒಂದು ಬೆರಳಲ್ಲಿ ಅರವತ್ತೆರಡು ಪದರ. ಆ ಮೆಟ್ಟಿಲುಗಳನ್ನು ಮತ್ತೆ ತೆಗೆದು ನೋಡಿದೆ. ನುಣುಪು ಎಂದೆನಲ್ಲ, ಅದು ನೂರು ಸಲ ಎಳೆದು ನೂರು ಸಲ ತಿದ್ದಿದ ನುಣುಪು. ನನಗೆ ಕಣ್ಣಿರಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಇದೆ. ಇರಬಾರದಿತ್ತು ಎನ್ನಿಸುವಂಥ ಉತ್ತರ.

ಶಾಲೆಯ ಹಿಂದೆ ನಿಮ್ಮ ಕಡೆಯ ಒಬ್ಬರು ಅನ್ನದ ಅಂಗಡಿ ಇಟ್ಟಿದ್ದರಲ್ಲ, ಮೀಸೆಯ ಪಾಕ್ ಜಮಾಲುಸ್. ನಿನ್ನ ವಿಷಯ ಅವರ ಹತ್ತಿರ ಮಾತ್ರ ಹೇಳಿಕೊಂಡಿದ್ದೆ. ಅಪ್ಪ ಅಮ್ಮನನ್ನು ಕರೆದುಕೊಂಡು ಸುಮಾತ್ರಕ್ಕೆ ಹೋಗುತ್ತೇನೆ ಎಂದಾಗ ಅವರು ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿ, “ಹುಚ್ಚಾ, ನಮ್ಮಲ್ಲಿ ಹಂಗಲ್ಲ. ಹುಡುಗಿ ಸೋದರಮಾವ ಬಂದು ಗಂಡನ್ನ ಕೇಳ್ಬೇಕು. ಕರೀದೇ ನೀನೇ ಹೋಗಿ ಬಾಗಿಲಲ್ಲಿ ನಿಂತ್ರೆ, ಯಾರಿಗೂ ಬೇಡದ ಗಂಡು ಅಂತಾರೆ. ಅವಳಿಗೂ ಅವಮಾನ. ಸುಮ್ನೆ ಕಾಯಿ” ಎಂದರು. ನಿನಗೆ ಅವಮಾನವಾಗಬಾರದೆಂದು ಸುಮ್ಮನೆ ಕಾದೆ. ಬಸ್ಸಿನ ಹತ್ತಿರ ನಾನು ಏನು ಹೇಳಿದೆ ಎಂದು ನೀನು ಬರೆಯಲಿಲ್ಲ. ನಿನ್ನ ಸೋದರಮಾವನವರಿಗೆ ನನ್ನ ಸಲಾಮು ತಿಳಿಸು ಎಂದೆ. ಅದಕ್ಕಿಂತ ಬಿಡಿಸಿ ನಾನಾದರೂ ಏನು ಹೇಳಬೇಕಿತ್ತು?

ಅಪ್ಪ ಅಮ್ಮ ಹೊಸ ಬಾತಿಕ್ ಬಟ್ಟೆ ತೆಗೆದಿಟ್ಟುಕೊಂಡು ಸುಮಾತ್ರದವರು ಯಾವಾಗ ಬರುತ್ತಾರೆಂದು ಕೇಳುತ್ತಿದ್ದರು. ನೀನು ನಮ್ಮ ಪದ್ಧತಿಗೆ ಮರ್ಯಾದೆ ಕೊಟ್ಟು ಅಲ್ಲಿ ಕೂತೆ, ನಾನು ನಿಮ್ಮ ಪದ್ಧತಿಗೆ ಮರ್ಯಾದೆ ಕೊಟ್ಟು ಇಲ್ಲಿ ಕೂತೆ. ಇಬ್ಬರಲ್ಲಿ ಒಬ್ಬರಿಗಾದರೂ ಮರ್ಯಾದೆ ಕಡಿಮೆಯಿದ್ದಿದ್ದರೆ ಸಾಕಿತ್ತು.

ನಾನು ಮದುವೆಯಾಗಲಿಲ್ಲ. ಇಷ್ಟು ದಿನ ಬರೆಯದೆ ಇದ್ದದ್ದು ಅದೊಂದೇ. ಬರೆದರೆ ನಿನ್ನ ಮೇಲೆ ಭಾರ ಹೊರಿಸಿದಂತಾಗುತ್ತದೆ ಎಂದು ಸುಮ್ಮನಿದ್ದೆ.

ಗೋಡೆ ಒಂದೇ ಇರಲಿ ಎಂದು ಲಾರಸ್‌ಗೆ ಹೇಳಿ ಬಂದೆ. ನನ್ನ ಗೋಡೆಯಲ್ಲಿ ನಿನ್ನ ಚಿತ್ರವಿಲ್ಲದಿದ್ದರೆ ನನ್ನದೂ ಬೇಡ ಎಂದೆ. ಅವಳಿಗೆ ತಲೆಕೆಟ್ಟಿತು.

ವಾಸ್ಕಿತೊ


ಪಾಯಕುಂಬುಹ್
14 ಜುಲೈ 2023

ಮಾಸ್,

ಪತ್ರ ಓದಿ ನಕ್ಕೆ. ನನಗೀಗ ನಕ್ಕರೆ ಕಣ್ಣಲ್ಲಿ ನೀರು ಬರುತ್ತದೆ, ಅತ್ತರೂ ಅಷ್ಟೇ, ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮೆಲ್ವಿ ಹೆದರಿ ನೀರು ತಂದಳು. ನಿನ್ನ ಸಲಾಮನ್ನು ಮಾವನಿಗೆ ತಲುಪಿಸಿದ್ದೆ. ಅವರು, “ಒಳ್ಳೆ ಸಂಸ್ಕಾರದ ಹುಡುಗ” ಎಂದು ಹೇಳಿ ಪೇಪರು ಓದಲು ಕೂತರು. ಮಾವ ಹೋಗಿ ಇಪ್ಪತ್ತು ವರ್ಷವಾಯಿತು. ಇನ್ನು ಯಾರ ಜೊತೆ ಜಗಳ ಮಾಡಲಿ?

ಮೂರು ದಿನ ಒಂದೇ ವಿಷಯ ಯೋಚಿಸಿದೆ. ನೀನು ನನ್ನನ್ನು ಬಿಳಿಯಲ್ಲಿ ಮುಚ್ಚಿದೆ. ಎಣ್ಣೆ ಬಣ್ಣ ನಿನ್ನ ಗುಟ್ಟು ಉಳಿಸಲಿಲ್ಲ, ಕಾಲ ಬಂದಾಗ ತಾನೇ ತೋರಿಸಿಬಿಟ್ಟಿತು. ಅದು ನಿನ್ನ ಅದೃಷ್ಟ. ನನ್ನದು ಹಾಗಲ್ಲ. ಮುಚ್ಚಿಸಿದ ಪದರ ನೂರು ವರ್ಷ ಹೋದರೂ ಮುಚ್ಚಿಯೇ ಇರುತ್ತದೆ. ತೆಳುವಾಗುವುದಿಲ್ಲ, ಮಾಸುವುದಿಲ್ಲ. ನಾನು ಸತ್ತ ಮೇಲೆ ಮೆಲ್ವಿ ಆ ಟ್ಯಾಬನ್ನು ಯಾರಿಗೋ ಕೊಡುತ್ತಾಳೆ, ಯಾರಿಗೂ ಏನೂ ತಿಳಿಯುವುದಿಲ್ಲ. ನಾನು ಬರೆಯುವ ಚಿತ್ರದಲ್ಲಿ ಏನಾದರೂ ಹೊರಗೆ ಬರಬೇಕಾದರೆ ನಾನೇ ಬೆರಳು ಮುಂದೆ ಮಾಡಬೇಕು.

ನಿನ್ನೆ ಮಾಡಿದೆ. ಇದರ ಜೊತೆ ಇಟ್ಟಿರುವ ಚಿತ್ರ ನೋಡು. ಕುರ್ಚಿಯಲ್ಲಿ ಕೂತು ಕಾಲ ಬಳಿ ಬಂದ ನದಿಗೆ ಸಿಗರೇಟಿನ ಬೂದಿ ಕೊಡವುತ್ತಿರುವ ಸಣಕಲ ಯಾರೆಂದು ನಿನ್ನ ಅತ್ತಿಗೆಯನ್ನು ಕೇಳು, ಅವರು ಗುರುತು ಹಿಡಿಯುತ್ತಾರೆ. ಅವನು ಮೊದಲಿಂದಲೂ ಅಲ್ಲೇ ಇದ್ದ. ನಿನಗೆ ಕಳಿಸುವ ದಿನ ಬೆಳಿಗ್ಗೆ ನಾಚಿಕೆಯಾಗಿ ಕಣ್ಣು ಮುಚ್ಚಿಸಿದ್ದೆ. ಗೋಡೆಗೆ ಇದನ್ನೇ ಹಾಕಲು ಲಾರಸ್‌ಗೆ ಹೇಳು.

ಇನ್ನು ಕೇಳುವ ಮಾತು. ನಾನು ಅಷ್ಟು ದೂರ ಬರಲಾರೆ, ಡಾಕ್ಟರು ಬಿಡುವುದಿಲ್ಲ. ಮೆಲ್ವಿ ಪ್ರದರ್ಶನ ಮುಗಿಯುವ ಹೊತ್ತಿಗೆ ಅಲ್ಲಿರುತ್ತಾಳೆ. ನಮ್ಮ ಕಡೆಯಿಂದ ಕೇಳಲು ಗಂಡಸರು ಯಾರೂ ಉಳಿದಿಲ್ಲ, ಆದ್ದರಿಂದ ಅವಳೇ ಕೇಳುತ್ತಾಳೆ, ನಿಮ್ಮ ಮನೆಯ ಹಿರಿಯರನ್ನು. ಮದುವೆಯೋ, ಬರೀ ಭೇಟಿಯೋ, ನಾಲ್ಕು ದಿನ ಎದುರುಬದುರು ಕೂತು ಜಗಳವಾಡುವುದೋ, ಅದನ್ನು ನೀನು ಬಂದ ಮೇಲೆ ನೋಡೋಣ. ನನ್ನ ಮುಖ ಒಂದು ಕಡೆ ಇಳಿದಿದೆ. ನೋಡಿ ನೀನು ಬೆಚ್ಚಿಬಿದ್ದರೆ ನನಗೆ ನೋವಾಗುತ್ತದೆ, ಆದ್ದರಿಂದ ಈಗಲೇ ಹೇಳಿದ್ದೇನೆ.

ಬಾ. ಈ ಸಲ ನಾನು ಬಿಡಿಸಿ ಹೇಳಿದ್ದೇನೆ.

ಯುಸ್


ನಿತಿಪ್ರಾಯಾನ್
20 ಆಗಸ್ಟ್ 2023

ಯುಸ್,

ಪ್ರದರ್ಶನ ನಿನ್ನೆ ಮುಗಿಯಿತು. ಎರಡು ವಾರ ಎರಡೂ ಚಿತ್ರಗಳು ಒಂದೇ ಗೋಡೆಯ ಮೇಲಿದ್ದವು, ನಡುವೆ ಒಂದು ಗೇಣು ಜಾಗ. ಕಾಲೇಜಿನ ಹುಡುಗಿಯೊಬ್ಬಳು ಬಹಳ ಹೊತ್ತು ನಿಂತು ನೋಡಿ, ಇವೆರಡರಲ್ಲಿ ಯಾವುದು ಹಳೆಯದು ಎಂದು ನನ್ನನ್ನು ಕೇಳಿದಳು.

ಮೆಲ್ವಿ ಇವತ್ತು ಬೆಳಿಗ್ಗೆ ಮನೆಗೆ ಬಂದಳು. ಎಲೆ ಅಡಿಕೆಯ ತಟ್ಟೆಯನ್ನು ಅತ್ತಿಗೆಯ ಮುಂದಿಟ್ಟು, ತಲೆ ಬಗ್ಗಿಸಿ, “ನಮ್ಮ ದೊಡ್ಡಮ್ಮ ಹೇಳಿ ಕಳ್ಸಿದಾರೆ. ನಿಮ್ಮನೆ ಗಂಡನ್ನ ಕೇಳೋಕೆ ಬಂದಿದೀನಿ” ಎಂದಳು. ಹುಡುಗಿ ನಗಲಿಲ್ಲ. ಅತ್ತಿಗೆಯೂ ನಗಲಿಲ್ಲ. ತಲೆವಸ್ತ್ರ ಸರಿಮಾಡಿಕೊಂಡು ಕೂತು, ನನ್ನನ್ನು ಮೇಲಿಂದ ಕೆಳಗೆ ನೋಡಿ, “ವಯಸ್ಸು ಅರವತ್ಮೂರು, ಹಲ್ಲು ನಾಲ್ಕಿಲ್ಲ, ಹಟ ಮಾತ್ರ ಪೂರ್ತಿ ಇದೆ. ಎಲ್ಲಾ ನೋಡ್ಕೊಂಡು ಕರ್ಕೊಂಡು ಹೋಗಮ್ಮ, ಆಮೇಲೆ ನಮ್ಮನ್ನ ಬೈಬೇಡಿ” ಎಂದಳು. ಆಮೇಲೆ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಅಪ್ಪ ಅಮ್ಮ ಇದ್ದಿದ್ದರೆ ಎಂದು ನನಗೂ ಅನ್ನಿಸಿತು.

ಮೆಲ್ವಿ ಬಾಗಿಲಲ್ಲಿ ನಿಂತಿದ್ದಾಳೆ, ಗಾಡಿ ಬಂದಿದೆ. ಪತ್ರಕ್ಕಿಂತ ಮೊದಲು ನೀವೇ ತಲುಪುತ್ತೀರಿ, ಬರೆಯುವುದು ಯಾಕೆ ಎಂದು ಕೇಳುತ್ತಿದ್ದಾಳೆ. ಎದುರಿಗೆ ಬಂದಾಗ ನನ್ನ ಬಾಯಿ ಕಟ್ಟಿದರೆ ಕೊಡಲು ಇರಲಿ ಎಂದು ಬರೆಯುತ್ತಿದ್ದೇನೆ.

ನಾನು ಬೆಚ್ಚುವುದಿಲ್ಲ, ಯುಸ್. ಭಯವೇನೋ ಇದೆ. ನೀನು ಕಾಯುತ್ತಿದ್ದ ಹುಡುಗ ಇವನಲ್ಲ, ಅವನು ಬರಬೇಕಾದ ಹೊತ್ತಿಗೆ ಬರಲಿಲ್ಲ. ನಿನ್ನ ಬಲಗೈಯನ್ನು ಒಂದು ಸಲ ಹಿಡಿದುಕೊಳ್ಳಲು ಕೊಡು, ಅದಕ್ಕೆ ಗೊತ್ತಾಗದಿದ್ದರೂ ಪರವಾಗಿಲ್ಲ.

ವಾಸ್ಕಿತೊ